ಐದನೇ ಹನಿಗೆ ಹಳದಿ

ಈ ಕಾಗದಗಳ ಕಥೆಯನ್ನು ನಮಗೆ ಮೊದಲು ಹೇಳಿದವರು ಅತ್ತಿಗೆ, ಅಂದರೆ ನಮ್ಮ ಬಸ್ ಡಿಪೋದ ಗೀರಿಲ್ಲದಣ್ಣನ ಹೆಂಡತಿ. ಹೇಳಿದ್ದು ಹೋದ ಚಳಿಗಾಲದ ಒಂದು ಮಧ್ಯಾಹ್ನ. ಬೆಳಗಿನ ಪಾಳಿಯವರು ಬಸ್ಸು ನಿಲ್ಲಿಸಿ ಬಂದಿದ್ದರು, ಮಧ್ಯಾಹ್ನದವರು ಇನ್ನೂ ಟೀ ಮುಗಿಸಿರಲಿಲ್ಲ.

ಗೀರಿಲ್ಲದಣ್ಣ ಅಂತ ಹೆಸರಿಟ್ಟವರು ನಾವೇ. ಕೆಲಸಕ್ಕೆ ಸೇರಿದಾಗಿನಿಂದ ಅವರು ಓಡಿಸಿದ ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ನಿವೃತ್ತಿಯ ದಿನ ದೊಡ್ಡ ಸಭೆ ಮಾಡಬೇಕು, ಮೆರವಣಿಗೆಯಲ್ಲಿ ಕರೆದುಕೊಂಡು ಹೋಗಬೇಕು ಅಂತೆಲ್ಲ ಮಾತಾಡಿಕೊಂಡಿದ್ದೆವು. ಇನ್ನೇನು ಕೆಲವೇ ತಿಂಗಳು ಅನ್ನುವಾಗ ಆ ಮನುಷ್ಯ ಮ್ಯಾನೇಜರ ಮೇಜಿನ ಮೇಲೆ ಕೀಲಿಕೈ ಇಟ್ಟು, "ಸಾಕಾಯ್ತು" ಅಂದು ಹೊರಟುಹೋದರು. ಯಾಕೆ ಅಂತ ಯಾರಿಗೂ ಹೇಳಲಿಲ್ಲ.

ಅವರು ಹೇಳದೆ ಹೋದ ಮೇಲೆ ನಾವೇ ಹೇಳಿಕೊಂಡೆವು. ನಮ್ಮ ಟೈರಿನವನು ಒಂದು ಸಂಜೆ ಅವರ ಮನೆ ಮುಂದೆ ಹೋಗುವಾಗ ಕಿಟಕಿಯಲ್ಲಿ ಕಂಡನಂತೆ: ಮೇಜಿನ ಮೇಲೆ ಎರಡು ಬಾಟಲಿ, ಕೈಯಲ್ಲಿ ಸಣ್ಣ ಗಾಜು, ಅದನ್ನು ದೀಪಕ್ಕೆ ಹಿಡಿದು ಹಿಡಿದು ನೋಡುವುದು. ಅಷ್ಟು ಸಾಕಾಯಿತು ನಮಗೆ. ಕುಡಿತಕ್ಕೆ ಬಿದ್ದಿದ್ದಾರೆ, ಸಿಕ್ಕಿಬೀಳುವ ಮೊದಲೇ ಬಿಟ್ಟರು ಅಂತ ಮಾತು ಡಿಪೋ ತುಂಬಾ ಓಡಾಡಿತು.

ಆ ಮಾತು ಅತ್ತಿಗೆಯ ಕಿವಿಗೂ ಬಿತ್ತು. ಕೈಚೀಲ ಹಿಡಿದು ನೇರ ನಮ್ಮ ವಿಶ್ರಾಂತಿ ಕೋಣೆಗೆ ಬಂದರು.

"ಯಾರಪ್ಪಾ ಅದು, ನಮ್ಮನೆ ಕಿಟಕಿ ಇಣುಕಿದ ಮಹಾನುಭಾವ?"

ಟೈರಿನವನು ಟೀ ಪಾತ್ರೆಯ ಹಿಂದೆ ಸರಿದ.

"ನೀನೇನಾ? ಬಾ, ಮುಂದೆ ಕೂತ್ಕೋ. ಬಾಟಲಿ ನೋಡಿದೆಯಲ್ಲ, ಅದರೊಳಗೆ ಏನಿತ್ತು ಅನ್ನೋದನ್ನೂ ಕೇಳಿಸ್ಕೊಂಡು ಹೋಗು."

ಚೀಲದಿಂದ ಒಂದು ಕಟ್ಟು ಕಾಗದ ತೆಗೆದರು. ಗಂಡ ಮಗಳಿಗೆ ಬರೆದದ್ದು, ಮಗಳು ಮನೆಗೆ ಬರೆದದ್ದು, ಎರಡೂ ಅದರಲ್ಲಿದ್ದವು. ಮಗಳು ರಜೆಗೆ ಬಂದಾಗ ತನ್ನ ಹತ್ತಿರ ಇದ್ದವನ್ನೂ ತಂದಿದ್ದಳಂತೆ. "ಯಾರಿಗೂ ಹೇಳಬೇಡ ಅಂದಿದ್ದಾರೆ. ನಾನು ಹೇಳಲ್ಲ, ಓದ್ತೀನಿ," ಅಂದರು. ಕನ್ನಡಕ ಏರಿಸಿಕೊಂಡು, ದಣಿದ ದನಿಯಲ್ಲಿ, ಎಲ್ಲೂ ನಿಲ್ಲದೆ ಓದಿದರು.

*

ಏಪ್ರಿಲ್ ೩

ಅಪ್ಪಾ,

ದ್ವೀಪ ಸೇರಿದೆ. ಹವಾಮಾನ ಕೇಂದ್ರ ಅಂದರೆ ಎರಡು ಕೋಣೆ, ಒಂದು ಕಂಬ, ಬೇಕಾದಷ್ಟು ಗಾಳಿ. ಗಾಳಿ ಎಷ್ಟು, ತೇವ ಎಷ್ಟು ಅಂತ ಉಪಕರಣ ನೋಡಿ ಅಂಕಿ ಬರೆಯುವುದು ನನ್ನ ಕೆಲಸ. ಇಲ್ಲಿ ಫೋನು ಸಿಗುವುದಿಲ್ಲ. ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಫೋನಿನಲ್ಲಿ ನಾವಿಬ್ಬರು ಮಾತಾಡಿದಾಗೆಲ್ಲ ಕೊನೆಗೆ ಅಮ್ಮ ಬಂದು ಕಿತ್ತುಕೊಳ್ಳಬೇಕಾಗುತ್ತಿತ್ತು. ಕಾಗದ ಬರೆಯೋಣ. ದೋಣಿ ಬಂದಾಗ ಹೋಗುತ್ತದೆ, ಬಂದಾಗ ಬರುತ್ತದೆ.

ನನ್ನ ಹವಳದ ಗಾಜಿನ ತೊಟ್ಟಿಯನ್ನು ನಿಮ್ಮ ತಲೆಗೆ ಕಟ್ಟಿ ಬಂದಿದ್ದೇನೆ ಅಂತ ಬೇಸರ ನಿಮಗೆ. ಗೊತ್ತು. ಹೊರಡುವ ಗಡಿಬಿಡಿಯಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಬರೆಯುತ್ತೇನೆ. ಹವಳ ಅಂದರೆ ಗಿಡ ಅಲ್ಲ, ಕಲ್ಲೂ ಅಲ್ಲ, ಸಣ್ಣ ಸಣ್ಣ ಜೀವ. ತಮ್ಮ ಮನೆಯ ಗೋಡೆಯನ್ನು ತಾವೇ ಕಟ್ಟಿಕೊಳ್ಳುತ್ತವೆ. ಅದಕ್ಕೆ ಬೇಕಾದ ಸಾಮಾನು ಎರಡು, ಕ್ಯಾಲ್ಸಿಯಂ ಮತ್ತು ಕ್ಷಾರ. ಎರಡನ್ನೂ ನೀರಿನಿಂದಲೇ ಎಳೆದುಕೊಳ್ಳುತ್ತವೆ. ಸಮುದ್ರಕ್ಕೆ ಅದು ಲೆಕ್ಕವಲ್ಲ, ನಮ್ಮ ತೊಟ್ಟಿಯಲ್ಲಿ ಖಾಲಿಯಾಗುತ್ತದೆ. ಅವು ತೆಗೆದಷ್ಟನ್ನು ನಾವು ವಾಪಸ್ ಹಾಕಬೇಕು.

ಕೆಂಪು ಮುಚ್ಚಳದ ಬಾಟಲಿ ಕ್ಯಾಲ್ಸಿಯಂ, ಬೆಳಿಗ್ಗೆ. ಬಿಳಿ ಮುಚ್ಚಳದ್ದು ಕ್ಷಾರ, ಸಂಜೆ. ದಯವಿಟ್ಟು ಎರಡನ್ನೂ ಒಟ್ಟಿಗೆ ಸುರಿಯಬೇಡಿ. ಒಂದನ್ನೊಂದು ಹಿಡಿದುಕೊಂಡು ಸುಣ್ಣದ ಪುಡಿಯಾಗಿ ತಳಕ್ಕೆ ಕೂರುತ್ತವೆ, ಹವಳಕ್ಕೆ ದಕ್ಕುವುದಿಲ್ಲ. ಒಂದು ಅತಿಯಾದರೂ ಹಾಗೇ, ಇನ್ನೊಂದನ್ನು ಎಳೆದುಕೊಂಡು ಕೂರುತ್ತದೆ.

ವಾರಕ್ಕೊಮ್ಮೆ ಪರೀಕ್ಷೆ. ಕ್ಷಾರದ್ದಕ್ಕೆ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ಔಷಧಿ ಒಂದೊಂದೇ ಹನಿ ಬಿಡಿ, ಅಲುಗಾಡಿಸಿ. ನೀರು ಮೊದಲು ನೀಲಿಯಾಗುತ್ತದೆ. ಎಷ್ಟನೇ ಹನಿಗೆ ಹಳದಿಗೆ ತಿರುಗುತ್ತದೋ ಅದೇ ಅಂಕಿ. ಎಂಟು ಒಂಬತ್ತು ಬಂದರೆ ಕ್ಷೇಮ. ಕ್ಯಾಲ್ಸಿಯಂನದು ಗುಲಾಬಿಯಿಂದ ನೀಲಿಗೆ ತಿರುಗುತ್ತದೆ. ಅಲ್ಲಿ ಇಪ್ಪತ್ತೊಂದನೇ ಹನಿಯ ಆಸುಪಾಸು ಬರಬೇಕು.

ಬಂದ ಅಂಕಿ ಬರೆದು ಕಳಿಸಿ. ಮಿಕ್ಕದ್ದು ನಾನು ಹೇಳುತ್ತೇನೆ.

ನಿಮ್ಮ ಮಗಳು

*

ಏಪ್ರಿಲ್ ೨೫

ಪುಟ್ಟಿ,

ನಿನ್ನ ಸಮುದ್ರ ಚೆನ್ನಾಗಿದೆ. ನಾನು ಅಷ್ಟು ಚೆನ್ನಾಗಿಲ್ಲ. ಬೆಳಗಿನ ಪಾಳಿ ಮುಗಿಸಿ ಬಂದು, ಮಧ್ಯಾಹ್ನ ಶಾಲೆ ಮಕ್ಕಳ ಟ್ರಿಪ್ಪು ಮುಗಿಸಿ ಬಂದು, ಮೇಲಿಂದ ನಿನ್ನ ಹವಳಗಳಿಗೆ ಹನಿ ಲೆಕ್ಕ ಹಾಕಬೇಕು. ಬಕೆಟ್ ಎತ್ತಿ ಎತ್ತಿ ಸೊಂಟ ಹಿಡಿದಿದೆ. ನಿನ್ನನ್ನು ಸಾಕುವಾಗಲೂ ಇಷ್ಟು ಚಾಕರಿ ಮಾಡಿರಲಿಲ್ಲ.

ಕ್ಷಾರ: ಐದನೇ ಹನಿಗೆ ಹಳದಿ. ಕ್ಯಾಲ್ಸಿಯಂ: ಇಪ್ಪತ್ನಾಲ್ಕನೇ ಹನಿಗೆ ನೀಲಿ. ಮೊದಲನೆಯದು ಕಡಿಮೆ, ಎರಡನೆಯದು ಜಾಸ್ತಿ ಅಂತ ನಿನ್ನ ಲೆಕ್ಕದಲ್ಲಿ ಬರುತ್ತದೆ. ಏನು ಮಾಡಲಿ ಹೇಳು.

ವರ್ಷದ ಕೊನೆಗೆ ನಿವೃತ್ತಿ. ಡಿಪೋದವರು ಈಗಿನಿಂದಲೇ ಸಭೆ ಗಿಭೆ ಅಂತ ಕುಣಿಯುತ್ತಿದ್ದಾರೆ. ನನಗೆ ಬೇಕಾದದ್ದು ಒಂದೇ, ಹತ್ತಿದ ದಿನ ಹೇಗೆ ಹತ್ತಿದೆನೋ ಹಾಗೇ ಒಂದು ಗೀರೂ ಇಲ್ಲದೆ ಇಳಿಯಬೇಕು.

ಅಪ್ಪ

(ಅಮ್ಮ ಬರೆಯುವುದು: ಆ ಕಿತ್ತಳೆ ಮೀನಿಗೆ ನಿಮ್ಮಪ್ಪ ಇನ್‌ಸ್ಪೆಕ್ಟರ್ ಅಂತ ಹೆಸರಿಟ್ಟಿದ್ದಾರೆ. ಊಟಕ್ಕೆ ಕೂತರೆ ಗಾಜಿಗೆ ಮೂತಿ ಒತ್ತಿ ನಮ್ಮ ತಟ್ಟೆಯನ್ನೇ ನೋಡುತ್ತದೆ. ನೀನು ತೆಳ್ಳಗಾಗಿರುತ್ತೀಯ. ಆಗಬೇಡ.)

*

ಮೇ ೧೪

ಅಪ್ಪಾ,

ಕ್ಷಾರ ಐದಕ್ಕೆ ಇಳಿದಿದೆ ಅಂದರೆ ಹವಳ ಚೆನ್ನಾಗಿ ಎಳೆದುಕೊಳ್ಳುತ್ತಿದೆ ಅಂತ ಇಟ್ಟುಕೊಳ್ಳೋಣ. ಬಿಳಿ ಮುಚ್ಚಳದ್ದನ್ನು ಸ್ವಲ್ಪ ಜಾಸ್ತಿ ಮಾಡಿ, ಕೆಂಪನ್ನು ಸದ್ಯಕ್ಕೆ ನಿಲ್ಲಿಸಿ. ಅವಸರ ಬೇಡ. ಈ ತೊಟ್ಟಿಯಲ್ಲಿ ತಪ್ಪಿಗಿಂತ ಅವಸರದ ತಿದ್ದುಪಡಿ ಹೆಚ್ಚು ಕೊಲ್ಲುತ್ತದೆ.

ಇಲ್ಲಿ ಗಾಳಿ ನಿಂತೇ ಇಲ್ಲ. ಅಂಕಿ ಬರೆದು ಬರೆದು, ಊಟಕ್ಕೆ ಕೂತಾಗಲೂ ಚಮಚದ ಲೆಕ್ಕ ಹಾಕುತ್ತಿರುತ್ತೇನೆ. ನನ್ನ ಜೊತೆಯ ಅಡುಗೆಯವರು "ಏನಮ್ಮಾ, ನನ್ನ ಅಡುಗೆಗೂ ಅಂಕಿ ಕೊಡ್ತೀಯಾ?" ಅಂತ ಕೇಳಿದರು. ಕೊಟ್ಟರೆ ಬೇಜಾರಾಗುತ್ತಾರೆ ಅಂತ ಸುಮ್ಮನಾದೆ.

ನಿಮ್ಮ ಸೊಂಟಕ್ಕೆ ಅಮ್ಮನ ಹತ್ತಿರ ಎಣ್ಣೆ ಹಚ್ಚಿಸಿಕೊಳ್ಳಿ. ಬಕೆಟ್ ಅರ್ಧ ತುಂಬಿಸಿ ಎತ್ತಿ.

ಮಗಳು

*

ಜೂನ್ ೬

ಪುಟ್ಟಿ,

ಬಿಳಿ ಮುಚ್ಚಳದ್ದು ಜಾಸ್ತಿ ಮಾಡಿದೆ. ಮತ್ತೆ ಐದಕ್ಕೇ ಹಳದಿ. ಇನ್ನೂ ಜಾಸ್ತಿ ಮಾಡಿದೆ. ಹಾಕಿದ್ದೆಲ್ಲ ಎಲ್ಲಿ ಹೋಗುತ್ತಿದೆಯೋ, ಬಾವಿಗೆ ಸುರಿದ ಹಾಗಿದೆ. ಕ್ಯಾಲ್ಸಿಯಂ ಮಾತ್ರ ಮೇಲೇ ಇದೆ.

ತಳದ ಮರಳು ಗಟ್ಟಿಯಾಗಿದೆ. ಮೊನ್ನೆ ಚಮಚದಲ್ಲಿ ಕೆದಕಿದರೆ ರೊಟ್ಟಿ ಹಾಗೆ ಹಕ್ಕಳೆ ಎದ್ದುಬಂತು. ಪಂಪಿನ ಮೇಲೆ ಬಿಳಿ ಹೊರಪದರ ಕಟ್ಟಿದೆ. ಕವಲು ಕವಲಾಗಿ ಬೆಳೆಯುವ ನಿನ್ನ ಹವಳದ ತುದಿಗಳು ಸುಟ್ಟ ಹಾಗೆ ಕಾಣುತ್ತವೆ ಅಂತ ಅಮ್ಮ ಹೇಳುತ್ತಾಳೆ. ನನಗೇನೂ ವ್ಯತ್ಯಾಸ ಕಾಣಲಿಲ್ಲ. ಅವಳಿಗೆ ಎಲ್ಲದರಲ್ಲೂ ಸುಟ್ಟದ್ದೇ ಕಾಣುವುದು.

ಡಿಪೋದ ಗೇಟಿನ ಕಂಬವನ್ನು ಯಾರೋ ಒಳಗೆ ಸರಿಸಿದ್ದಾರೆ. ನನ್ನ ಕನ್ನಡಿ ಅದಕ್ಕೆ ತಾಗಿತು. ಗೀರಲ್ಲ, ಬರೀ ತಾಗಿದ್ದು. ಬಟ್ಟೆಯಲ್ಲಿ ಉಜ್ಜಿದೆ, ಹೋಯಿತು.

ಈಚೆಗೆ ಮನೆಗೆ ಬಂದರೆ ಕಣ್ಣು ಮುಚ್ಚಿ ಕೂತುಬಿಡುವ ಹಾಗಾಗುತ್ತದೆ. ವಯಸ್ಸು.

ಅಪ್ಪ

(ಅಮ್ಮ: ಈಗ ಬೆಳಗಿನ ಟ್ರಿಪ್ಪಿಗೆ ನಾನೂ ಬಸ್ಸಿನಲ್ಲಿ ಹೋಗುತ್ತೇನೆ, ಮುಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹಾಕಿ ಬರುತ್ತೇನೆ. ಗಾಳಿ ಚೆನ್ನಾಗಿರುತ್ತದೆ.)

*

ಜೂನ್ ೨೮

ಅಪ್ಪಾ,

ನಿಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ಓದಿದೆ. ಒಂದಕ್ಕೊಂದು ಹೊಂದುತ್ತಿಲ್ಲ. ಕ್ಷಾರ ಕಡಿಮೆಯಿದ್ದರೆ ಮರಳು ಕಲ್ಲಾಗಬಾರದು, ಪಂಪಿಗೆ ಬಿಳಿ ಕಟ್ಟಬಾರದು, ಹವಳದ ತುದಿ ಸುಡಬಾರದು. ಅದೆಲ್ಲ ಆಗುವುದು ಕ್ಷಾರ ವಿಪರೀತವಾದಾಗ. ಅಂಕಿ ಒಂದು ಹೇಳುತ್ತಿದೆ, ತೊಟ್ಟಿ ಇನ್ನೊಂದು ಹೇಳುತ್ತಿದೆ.

ನಾನು ಅಂಕಿಯನ್ನು ನಂಬುವವಳು. ಅದೇ ನನ್ನ ಹೊಟ್ಟೆಪಾಡು. ಅದಕ್ಕೇ ಔಷಧಿ ಹಳೆಯದಾಗಿ ಕೆಟ್ಟಿರಬೇಕು ಅಂದುಕೊಂಡೆ. ಅಂಗಡಿಯವರಿಗೆ ಬರೆದಿದ್ದೇನೆ, ಹೊಸ ಪೆಟ್ಟಿಗೆ ಮನೆಗೆ ಬರುತ್ತದೆ. ಅಲ್ಲಿವರೆಗೆ ಏನೂ ಹಾಕಬೇಡಿ. ಹೊಸದರಲ್ಲಿ ನೋಡಿ, ಹಗಲು ಬೆಳಕಿನಲ್ಲಿ.

ಕಂಬ ಸರಿಸುವುದು ಅಷ್ಟು ಸುಲಭವಾ ಅಪ್ಪಾ?

ಮಗಳು

*

ಜುಲೈ ೨೦

ಪುಟ್ಟಿ,

ಹೊಸ ಪೆಟ್ಟಿಗೆ ಬಂತು. ಹಗಲು ಬೆಳಕು, ಕಿಟಕಿ ಪಕ್ಕ, ನೀನು ಹೇಳಿದ ಹಾಗೇ. ಐದನೇ ಹನಿಗೆ ಹಳದಿ. ಕ್ಯಾಲ್ಸಿಯಂನದು ಈ ಸಲ ಇಪ್ಪತ್ತಾರರವರೆಗೆ ಹೋಯಿತು. ಔಷಧಿಯ ತಪ್ಪಿಲ್ಲ, ನನ್ನ ಎಣಿಕೆಯ ತಪ್ಪೂ ಇಲ್ಲ. ಇಡೀ ಜೀವಮಾನ ಸ್ಟಾಪು ಎಣಿಸಿದವನು ನಾನು.

ಬಿಳಿ ಮುಚ್ಚಳದ್ದು ಮತ್ತೆ ಶುರು ಮಾಡಿದ್ದೇನೆ. ಕಣ್ಣೆದುರು ಸಾಯುತ್ತಿರುವುದನ್ನು ನೋಡಿಕೊಂಡು ಸುಮ್ಮನೆ ಕೂರಲಾರೆ.

ಅಮ್ಮ ಇವತ್ತು ನಗುತ್ತಲೇ ಇದ್ದಳು. ಒಂದು ಕಾಲಿಗೆ ಕಪ್ಪು ಕಾಲುಚೀಲ, ಒಂದು ಕಾಲಿಗೆ ನೀಲಿ ಹಾಕಿಕೊಂಡು ಡಿಪೋಗೆಲ್ಲ ತಿರುಗಿ ಬಂದಿದ್ದೆನಂತೆ. ಎರಡೂ ಕಪ್ಪೇ. ಅವಳು ಬೇಕಂತಲೇ ಹೇಳುತ್ತಾಳೆ.

ದಣಿವಾಗಿದೆ. ಇಷ್ಟು ಸಾಕು.

ಅಪ್ಪ

*

ಆಗಸ್ಟ್ ೧೧

ಅಮ್ಮಾ,

ಈ ಕಾಗದ ನಿನಗೊಬ್ಬಳಿಗೇ. ಅಪ್ಪ ಮಧ್ಯಾಹ್ನದ ಟ್ರಿಪ್ಪಿಗೆ ಹೋದಾಗ ಓದು.

ಎರಡು ಪರೀಕ್ಷೆಯಲ್ಲೂ ಅಪ್ಪನಿಗೆ ತಪ್ಪುತ್ತಿರುವುದು ಒಂದೇ ಬಣ್ಣ. ನೀಲಿಯಿಂದ ಶುರುವಾಗುವುದರಲ್ಲಿ ಅವರಿಗೆ ನೀಲಿ ಬೇಗ ಹೋಗಿಬಿಡುತ್ತದೆ. ನೀಲಿಯಲ್ಲಿ ಮುಗಿಯುವುದರಲ್ಲಿ ಅವರಿಗೆ ನೀಲಿ ತಡವಾಗಿ ಬರುತ್ತದೆ. ಕಾಲುಚೀಲದ ಸಾಲಿನಲ್ಲೂ ಅದೇ ಬಣ್ಣ.

ಇಷ್ಟು ತಿಂಗಳು ಅಂಕಿಯನ್ನು ನೋಡಿದೆ, ಬಾಟಲಿಯ ಮೇಲೆ ಅನುಮಾನಪಟ್ಟೆ. ಅಂಕಿ ಓದಿದ ಕಣ್ಣಿನ ಕಡೆ ತಿರುಗಿ ನೋಡಲಿಲ್ಲ.

ನೀನೊಮ್ಮೆ ಪರೀಕ್ಷೆ ಮಾಡು. ತೊಟ್ಟಿಯ ಹತ್ತಿರ ಹೋಗಲ್ಲ, ಆ ಮೀನಿಗೆ ಸೊಕ್ಕು ಅನ್ನಬೇಡ. ನೀನು ಕಂಡದ್ದನ್ನು ಇದ್ದ ಹಾಗೇ ಬರೆ. ಮತ್ತೆ, ಅಮ್ಮಾ, ನೀನು ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು ಗಾಳಿಗೇ ತಾನೇ?

ನಿನ್ನ ಮಗಳು

*

ಆಗಸ್ಟ್ ೩೦

ಮಗಳೇ,

ಕ್ಷಾರ ಹದಿನಾಲ್ಕನೇ ಹನಿಗೆ ಹಳದಿ. ಅಲ್ಲಿವರೆಗೂ ಇಂಕಿನ ಹಾಗೆ ನೀಲಿ. ಕ್ಯಾಲ್ಸಿಯಂ ಹದಿನಾರಕ್ಕೇ ನೀಲಿ. ಎರಡೆರಡು ಸಲ ಮಾಡಿದೆ.

ಗಾಳಿಗಲ್ಲ.

ಚಳಿಗಾಲ ಕಳೆದಾಗಿನಿಂದ ನನಗೆ ಅನುಮಾನ. ಹಾಲಿನ ಲೋಟ ಮೇಜಿನ ಅಂಚಿಗೆ ಇಡುತ್ತಿದ್ದರು. ಎದುರು ಬಂದ ದೀಪಕ್ಕೆ ಬೈಯುತ್ತಿದ್ದರು. ಒಂದು ದಿನ ಸುಮ್ಮನೆ ಬಸ್ಸು ಹತ್ತಿ ಮುಂದೆ ಕೂತೆ. ಸ್ಟಾಪು ಬರುವ ಮೊದಲು "ಅಗೋ, ಯಾರೋ ನಿಂತಿದ್ದಾರೆ ನೋಡಿ, ಕೈಯಲ್ಲಿ ಎಷ್ಟು ದೊಡ್ಡ ಗಂಟು" ಅಂತ ಹರಟೆ ಹೊಡೆದೆ. ಬಸ್ಸು ಮೆಲ್ಲಗಾಯಿತು. ಮಾರನೇ ದಿನವೂ ಹೋದೆ. "ಆ ಅಜ್ಜ ರಸ್ತೆ ದಾಟ್ತಾನೇ ಇದ್ದಾರಪ್ಪ ಇನ್ನೂ" ಅಂದೆ. ಅವರು ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನಾನೂ ಯಾಕೆ ಬರುತ್ತೇನೆ ಅಂತ ಹೇಳಲಿಲ್ಲ. ಹೀಗೇ ನಡೆಯುತ್ತಿದೆ. ಪ್ರಯಾಣಿಕರು, ಈ ಹೆಂಗಸಿಗೆ ಎಷ್ಟು ಮಾತು ಅಂದುಕೊಂಡಿರಬೇಕು.

ಹೋದ ವರ್ಷ ಡಿಪೋದಲ್ಲಿ ಕಣ್ಣಿನ ಪರೀಕ್ಷೆ ಆಯಿತಲ್ಲ, ಮುಂದಿನವರು ಓದಿದ ಅಕ್ಷರವನ್ನು ಸಾಲಿನಲ್ಲಿ ನಿಂತೇ ಬಾಯಿಪಾಠ ಮಾಡಿಕೊಂಡರಂತೆ. ಪೊರೆ ಬಂದಿದ್ದರೆ ತೆಗೆಸಬಹುದು, ಎಲ್ಲರೂ ತೆಗೆಸುತ್ತಾರೆ ಅಂತ ಹೇಳಿ ನೋಡಿದೆ. "ತೆಗೆಸಿದರೆ ಬಸ್ಸಿನಿಂದ ಇಳಿಸ್ತಾರೆ. ನಿವೃತ್ತಿ ಆಗಲಿ, ಆಮೇಲೆ ಎರಡೂ ಕಣ್ಣು ಕಿತ್ತು ಕೊಡ್ತೀನಿ" ಅಂದರು.

ಬೆಳಿಗ್ಗೆ ನಾನಿರುತ್ತೇನೆ. ಮಧ್ಯಾಹ್ನ ನನಗೆ ಇಸ್ತ್ರಿ ಅಂಗಡಿಯ ಕೆಲಸ, ಬಿಡುವುದಕ್ಕಾಗುವುದಿಲ್ಲ. ಮಧ್ಯಾಹ್ನದ್ದು ಶಾಲೆ ಮಕ್ಕಳ ಟ್ರಿಪ್ಪು. ಅದು ಮುಗಿದು ಅವರ ಚಪ್ಪಲಿ ಸದ್ದು ಅಂಗಡಿ ಬಾಗಿಲಲ್ಲಿ ಕೇಳುವವರೆಗೆ ಇಸ್ತ್ರಿ ಪೆಟ್ಟಿಗೆ ಎಲ್ಲಿಟ್ಟೆ ಅಂತ ಗೊತ್ತಾಗುವುದಿಲ್ಲ. ಎರಡು ಅಂಗಿ ಸುಟ್ಟಿದ್ದೇನೆ.

ನನಗೂ ಸಾಕಾಗಿದೆ ಕಣೇ. ನೀನೇ ಏನಾದರೂ ಮಾಡು.

ಅಮ್ಮ

*

ಸೆಪ್ಟೆಂಬರ್ ೧೨

ಅಪ್ಪಾ,

ಕ್ಷಾರ ಐದಲ್ಲ, ಹದಿನಾಲ್ಕು. ಬಿಳಿ ಮುಚ್ಚಳದ ಬಾಟಲಿಯನ್ನು ಕೈಗೆ ಸಿಗದ ಕಡೆ ಇಡಿ. ಏನೂ ಹಾಕಬೇಡಿ. ಸ್ವಲ್ಪ ಸ್ವಲ್ಪ ನೀರು ಬದಲಿಸುತ್ತಾ ಹೋದರೆ ತಾನಾಗಿ ಇಳಿಯುತ್ತದೆ. ಇಳಿದ ಮೇಲೆ ಕ್ಯಾಲ್ಸಿಯಂ ಕೊಡೋಣ. ತಿಂಗಳು ಹಿಡಿಯಲಿ, ಎರಡು ತಿಂಗಳು ಹಿಡಿಯಲಿ. ತೊಟ್ಟಿಯನ್ನು ನಿಧಾನವಾಗಿ ಸರಿಮಾಡಬಹುದು.

ಬಸ್ಸಿಗೆ ಆ ನಿಧಾನ ಇಲ್ಲ. ನಾಳೆ ಓಡಿಸಬೇಡಿ.

ಅಮ್ಮನ ಮೇಲೆ ರೇಗಬೇಡಿ. ಅವಳು ಹೇಳಲಿಲ್ಲ, ನಾನೇ ಕೇಳಿ ಬರೆಸಿಕೊಂಡೆ. ಹೋಗಿ ಕಣ್ಣು ತೋರಿಸಿ. ಡಿಪೋದಲ್ಲಿ ಹೇಳಿ. ನೀವು ಗೀರಿಲ್ಲದೆ ಇಳಿಯಬೇಕು ಅನ್ನುವುದು ನನಗೂ ಬೇಕು. ಆದರೆ ಆ ಗೀರು ಬಸ್ಸಿನ ಮೇಲೇ ಬೀಳುತ್ತದೆ ಅಂತ ಯಾರು ಹೇಳಿದರು?

ನಿಮ್ಮ ಮಗಳು

*

ಸೆಪ್ಟೆಂಬರ್ ೨೬

ನೀನು ಮೀನು ನೋಡಿಕೋ. ರಸ್ತೆ ನಾನು ನೋಡಿಕೊಳ್ಳುತ್ತೇನೆ. ಆ ರಸ್ತೆ ನನಗೆ ಕಣ್ಣು ಕಟ್ಟಿದರೂ ಗೊತ್ತು.

*

ಅಕ್ಟೋಬರ್ ೮

ಅಪ್ಪಾ,

ರಸ್ತೆ ನಿಮಗೆ ಗೊತ್ತು. ರಸ್ತೆಯ ಮೇಲೆ ಅವತ್ತು ಯಾರು ಬಂದಿದ್ದಾರೆ ಅನ್ನುವುದು ಹೇಗೆ ಗೊತ್ತಾಗುತ್ತದೆ?

ಇದರ ಜೊತೆ ಇನ್ನೊಂದು ಕಾಗದ ಇದೆ, ನಿಮ್ಮ ಮ್ಯಾನೇಜರಿಗೆ ಬರೆದದ್ದು. ಅದರ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ. ಮುಂದಿನ ತಿಂಗಳ ಮೊದಲ ದೋಣಿಯಲ್ಲಿ ನಿಮ್ಮಿಂದ ಉತ್ತರ ಬರದಿದ್ದರೆ, ಅದೇ ದೋಣಿಯಲ್ಲಿ ನನ್ನ ಪ್ರತಿ ಹೋಗುತ್ತದೆ. ಅಷ್ಟು ಕಾಯುವುದೇ ತಪ್ಪು ಅನ್ನಿಸುತ್ತಿದೆ. ಮಗಳಾಗಿ ಕಾಯುತ್ತಿದ್ದೇನೆ.

ಆಮೇಲೆ ನೀವು ನನ್ನ ಜೊತೆ ಮಾತು ಬಿಟ್ಟರೂ ಬಿಡಿ. ಬಿಟ್ಟಿದ್ದೀರಿ ಅಂತ ಗೊತ್ತಾಗುವಷ್ಟು ದಿನ ನೀವೂ ಚೆನ್ನಾಗಿರಬೇಕು, ಆ ಮಕ್ಕಳೂ ಚೆನ್ನಾಗಿರಬೇಕು.

ಮಗಳು

*

ಅಕ್ಟೋಬರ್ ೨೭

ಪುಟ್ಟಿ,

ನಿನ್ನ ಎರಡೂ ಕಾಗದ ಬಂದವು. ಮ್ಯಾನೇಜರಿಗೆ ಬರೆದದ್ದನ್ನು ಅಮ್ಮನಿಂದ ಓದಿಸಿಕೊಂಡೆ. ಸಿಟ್ಟು ನೆತ್ತಿಗೇರಿತು. ಹರಿಯೋಣ ಅಂತ ತೆಗೆದುಕೊಂಡೆ. ಎಷ್ಟು ಮರ್ಯಾದೆಯಾಗಿ ಬರೆದಿದ್ದೀಯ ಅಂದರೆ ಹರಿಯುವುದಕ್ಕೆ ಕೈ ಬರಲಿಲ್ಲ.

ಅವತ್ತು ನನಗೆ ವಾರದ ರಜೆ. "ಬಾ, ನನ್ನ ಎದುರಿಗೇ ಆಗಲಿ ನಿಮ್ಮ ಪರೀಕ್ಷೆ" ಅಂತ ಅಮ್ಮನನ್ನು ಕಿಟಕಿ ಹತ್ತಿರ ಕೂರಿಸಿದೆ. ಅವಳು ಹನಿ ಬಿಟ್ಟಳು. ಐದಕ್ಕೆ ನಾನು "ಹಳದಿ" ಅಂದೆ. "ನೀಲಿ" ಅಂದಳು. ಆರಕ್ಕೂ ನೀಲಿ ಅಂದಳು, ಏಳಕ್ಕೂ ನೀಲಿ. ಮದುವೆಯಾದಾಗಿನಿಂದ ನಾನು ಒಂದು ಅಂದರೆ ಅವಳು ಎರಡು ಅನ್ನುವವಳು, ಇದೂ ಹಾಗೇ ಅಂದುಕೊಂಡೆ. "ನಿನ್ನ ಕಣ್ಣಿಗೇ ಪೊರೆ" ಅಂದೆ.

ಅಷ್ಟರಲ್ಲಿ ಅಂಚೆಯಮ್ಮ ಬಾಗಿಲಿಗೆ ಬಂದಳು. ನಮ್ಮ ಜಗಳಕ್ಕೆ ಸಂಬಂಧವಿಲ್ಲದವಳು. ನಳಿಗೆಯನ್ನು ಅವಳ ಮುಂದೆ ಹಿಡಿದು, "ತಾಯಿ, ಇದ್ಯಾವ ಬಣ್ಣ?" ಅಂದೆ.

"ನೀಲಿ ಅಣ್ಣ. ಯಾಕೆ? ಥೇಟ್ ನನ್ನ ಅಂಗಿ ಬಣ್ಣ."

"ನಿನ್ನ ಅಂಗಿ ಬೂದಿ ಬಣ್ಣ ಅಲ್ವಾ?"

ಅವಳು ನಕ್ಕುಬಿಟ್ಟಳು, ತಮಾಷೆ ಮಾಡಿದೆ ಅಂತ. ಅಮ್ಮ ನಗಲಿಲ್ಲ. ನಾನೂ ನಗಲಿಲ್ಲ.

ಕಾಣಿಸದೆ ಹೋಗಿದ್ದರೆ ನನಗೇ ಗೊತ್ತಾಗುತ್ತಿತ್ತು ಪುಟ್ಟಿ. ಕತ್ತಲಾದರೆ ಯಾರಿಗಾದರೂ ಗೊತ್ತಾಗುತ್ತದೆ. ನನಗೆ ಚೆನ್ನಾಗಿ ಕಾಣುತ್ತಿತ್ತು. ಹಳದಿ ಅಂತ ಕಾಣುತ್ತಿತ್ತು. ಆಣೆ ಮಾಡಿ ಹೇಳುವಷ್ಟು ಕಾಣುತ್ತಿತ್ತು.

ಆ ಮಧ್ಯಾಹ್ನ ಶಾಲೆಯ ಸ್ಟಾಪಿನ ತನಕ ನಡೆದುಕೊಂಡು ಹೋದೆ. ರಸ್ತೆಯ ಈಚೆ ನಿಂತೆ. ಆಚೆ ಮರಗಳ ಕೆಳಗೆ ಮಕ್ಕಳು ನಿಲ್ಲುವ ಜಾಗ. ಯಾರೂ ಕಾಣಲಿಲ್ಲ. ಇವತ್ತು ಶಾಲೆಗೂ ರಜೆಯೇನೋ ಅಂದುಕೊಂಡೆ. ಬರೀ ನೆರಳಿತ್ತು.

ಆಮೇಲೆ ನೆರಳು ನಕ್ಕಿತು.

ಒಂದಲ್ಲ, ಹತ್ತಾರು ಗಂಟಲು. ಕೂಗಾಡಿಕೊಂಡು, ಒಬ್ಬರನ್ನೊಬ್ಬರು ತಳ್ಳಿಕೊಂಡು, ರಸ್ತೆಗೆ ಇಳಿದು ಹತ್ತುತ್ತಿದ್ದವು. ಅವರ ಸಮವಸ್ತ್ರ ಯಾವ ಬಣ್ಣ ಅಂತ ನಿನಗೆ ಗೊತ್ತಲ್ಲ, ಅದೇ ಶಾಲೆಗೆ ನೀನೂ ಹೋದವಳು. ಅದೇ ನೀಲಿ. ಇಷ್ಟು ತಿಂಗಳು ನಾನು ಆ ನೆರಳಿನ ಪಕ್ಕಕ್ಕೆ ಬಸ್ಸು ತಂದು ನಿಲ್ಲಿಸಿದ್ದೇನೆ. ಅಭ್ಯಾಸದಿಂದ ನಿಂತಿದೆ ಬಸ್ಸು, ನನ್ನಿಂದಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಬದಲಿ ಡ್ರೈವರು ಬಂದು ಅವರನ್ನೆಲ್ಲ ಹತ್ತಿಸಿಕೊಂಡು ಹೋದ ಮೇಲೂ ಏಳಲಿಕ್ಕಾಗಲಿಲ್ಲ.

ಮಾರನೇ ಬೆಳಿಗ್ಗೆ ಕೀಲಿ ಕೊಟ್ಟೆ. ಮ್ಯಾನೇಜರು ಯಾಕೆ ಅಂದರು. ಸಾಕಾಯ್ತು ಅಂದೆ. ಸುಳ್ಳಲ್ಲ. ಕಣ್ಣಿನ ವಿಷಯ ಹೇಳಿದ್ದರೆ ಪಾಪ ಅನ್ನುತ್ತಿದ್ದರು, ಕುರ್ಚಿ ಕೊಡುತ್ತಿದ್ದರು, ಸಭೆಯಲ್ಲಿ ಹಾರ ಹಾಕುತ್ತಿದ್ದರು. ಆ ಮಕ್ಕಳ ನಗು ಕೇಳಿ ಬಂದವನು ಯಾವ ಮುಖದಲ್ಲಿ ಹಾರ ಹಾಕಿಸಿಕೊಳ್ಳಲಿ? ಡಿಪೋದಲ್ಲಿ ಯಾರಿಗೂ ಹೇಳಬೇಡ ಅಂತ ಅಮ್ಮನಿಗೆ ಹೇಳಿದ್ದೇನೆ. ಅವರು ಏನು ಬೇಕಾದರೂ ಅಂದುಕೊಳ್ಳಲಿ.

ಕವಲು ಹವಳ ಸತ್ತಿತು. ದುಂಡಗಿನದು ಬದುಕುತ್ತದೆ ಅಂತ ಅಮ್ಮ ಹೇಳುತ್ತಾಳೆ. ಕ್ಷಾರ ಹನ್ನೊಂದಕ್ಕೆ ಇಳಿದಿದೆ. ಎಣಿಸಿದವನು ನಾನು, ಬಣ್ಣ ಹೇಳಿದವಳು ಅವಳು.

ಮ್ಯಾನೇಜರಿಗೆ ಬರೆದ ಆ ಇನ್ನೊಂದು ಪ್ರತಿಯನ್ನು ಕಳಿಸಬೇಡ. ಹರಿದೂ ಹಾಕಬೇಡ.

ಡಾಕ್ಟರು ಬಲಗಣ್ಣು ಮೊದಲು ಅಂದಿದ್ದಾರೆ. ನಿನಗೆ ರಜೆ ಸಿಕ್ಕಿದರೆ ಬಾ. ಸಿಗದಿದ್ದರೆ ಪರವಾಗಿಲ್ಲ.

ಅಪ್ಪ

*

ಅತ್ತಿಗೆ ಕಾಗದಗಳನ್ನು ಮಡಿಸಿ ಚೀಲಕ್ಕೆ ಹಾಕಿದರು. ಟೀ ಆರಿಹೋಗಿತ್ತು, ಯಾರೂ ಕುಡಿದಿರಲಿಲ್ಲ. ಟೈರಿನವನು ತಲೆ ಎತ್ತಲಿಲ್ಲ.

"ಅಣ್ಣ ಹೇಗಿದ್ದಾರೆ ಅತ್ತಿಗೆ?" ಅಂತ ಯಾರೋ ಕೇಳಿದರು.

"ಬಲಗಣ್ಣಿನ ಪಟ್ಟಿ ಬಿಚ್ಚಿದ್ದಾರೆ. ಎಡಗಣ್ಣಿಗೆ ಇವತ್ತು ಆಪರೇಷನ್. ಮಗಳು ಜೊತೆಗಿದ್ದಾಳೆ." ಬಾಗಿಲ ಹತ್ತಿರ ಹೋಗಿ 'ಅಮ್ಮಯ್ಯ' ಅಂತ ಒಮ್ಮೆ ಗೋಡೆಗೆ ಆನಿಕೊಂಡು ನಿಂತರು. "ಬಿಚ್ಚಿದ ತಕ್ಷಣ ನನ್ನ ಮುಖ ನೋಡಿ, ಇಷ್ಟು ವಯಸ್ಸು ಯಾವಾಗಾಯ್ತೇ ನಿಂಗೆ ಅಂದ್ರು. ನಿಮ್ಮ ಜೊತೆ ಬಸ್ಸಲ್ಲಿ ಓಡಾಡಿ ಆಯ್ತು ಅಂದೆ." ಅಷ್ಟು ಹೇಳಿ ಹೊರಟುಹೋದರು.

ಮಾರನೇ ದಿನ ಬೆಳಿಗ್ಗೆ ನಾವು ಪಾಳಿಗೆ ಬಂದಾಗ ಅಂಗಳದ ಆಚೆ ತುದಿಯ ಗೋಡೆಯ ಮೇಲೆ ಏನೋ ಬರೆದಿತ್ತು. ಬರೆದವನು ಟೈರಿನವನು, ಟೈರಿಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ, ಬಾಯಿಪಾಠ ಮಾಡಲಾಗದ ಹಾಗೆ ಅಡ್ಡಾದಿಡ್ಡಿ ಅಂಕಿಗಳನ್ನು. ಒಬ್ಬ ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಜೋರಾಗಿ ಓದಿದ. ಆಮೇಲೆ ಇನ್ನೊಬ್ಬ. "ನಿಂಗೆ ಓದೋಕೆ ಬರುತ್ತೆ ಅಂತಾನೇ ಗೊತ್ತಿರಲಿಲ್ಲ ಕಣೋ" ಅಂತ ಯಾರೋ ನಗಿಸಿದರು.

ಕೊನೆಗೆ ಉದ್ದದ ರೂಟಿನ ಬಸ್ಸು ಓಡಿಸುವ ಅಣ್ಣ ಬಂದ. ನಮ್ಮೆಲ್ಲರಿಗಿಂತ ದೊಡ್ಡ ದನಿ ಅವನದು. ಒಂದು ಕಣ್ಣು ಮುಚ್ಚಿ ಅಂಕಿಗಳನ್ನು ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದಿದ. ಓದಿ ನಮ್ಮ ಕಡೆ ತಿರುಗಿದ. ನಗುತ್ತಿದ್ದವರು ನಿಂತುಬಿಟ್ಟಿದ್ದೆವು; ಗೋಡೆಯ ಮೇಲೆ ಇದ್ದದ್ದು ಆ ಅಂಕಿಗಳಲ್ಲ.

"ಯಾಕ್ರೋ? ಸರಿ ತಾನೇ?"

ಅವನು ಮತ್ತೆ ಗೋಡೆಯ ಕಡೆ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಬಸ್ಸಿನ ಪಕ್ಕದ ಬೆಂಚಿನ ಮೇಲೆ ಕೂತು, "ಬದಲಿಯವನನ್ನ ಕರೀರಪ್ಪ" ಅಂದ.

ಟೈರಿನವನು ಒಂದು ಲೋಟ ಟೀ ತಂದು ಅವನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ. ಆ ದಿನ ಉದ್ದದ ರೂಟಿನ ಬಸ್ಸು ತಡವಾಗಿ ಹೊರಟಿತು.